ಬರುವ ದಾರಿಯ ಹನ್ನೊಂದು ಫೋಟೊಗಳು

ಮೊಳೆಯ ಮೇಲೆ ಬೀಗದ ಕೈ ಇತ್ತು, ಫೋಟೊಗಳ ಗೊಂಚಲು ಇರಲಿಲ್ಲ. ಕಾಜಾ ಅಕ್ಕ ಮತ್ತೊಮ್ಮೆ ಗೋಡೆಯ ಮೇಲೆ ಕೈಯಾಡಿಸಿದಳು. ಬಾಗಿಲ ಹಿಂದೆ ಇಣುಕಿದಳು, ಚಪ್ಪಲಿ ಗೂಡಿನ ಕೆಳಗೆ ಬಗ್ಗಿ ನೋಡಿದಳು, ತೂಗುಹಾಕಿದ್ದ ಕೊಡೆಯನ್ನು ಬಿಚ್ಚಿ ಕೊಡವಿದಳು. ಹಜಾರದಲ್ಲಿ ಗಂಡನನ್ನು ಮಲಗಿಸಿದ್ದರು, ಸುತ್ತ ಜನ ಕೂತಿದ್ದರು. ಇಂಥ ಹೊತ್ತಿನಲ್ಲಿ ಹೆಂಡತಿಯಾದವಳು ಕೊಡೆಯೊಳಗೆ ತಲೆ ಹಾಕಿ ನಿಂತಿದ್ದಾಳೆಂದರೆ ನೋಡಿದವರು ಏನಂದುಕೊಂಡಾರು?

“ಏನೇ ಹುಡುಕ್ತಿದ್ದೀಯ?”

ಅತ್ತಿಗೆ. ಸತ್ತವನ ಅಕ್ಕ. ಬೆಳಗಿನ ಬಸ್ಸಿಗೆ ಬೇರೆ ಊರಿನಿಂದ ಬಂದಿದ್ದರು. ಎಪ್ಪತ್ತು ದಾಟಿತ್ತು, ಮಂಡಿ ಕೈಕೊಟ್ಟಿತ್ತು, ಕೈಗೊಂದು ಕೋಲು ಬಂದಿತ್ತು. ಕಣ್ಣು ಮಾತ್ರ ಇನ್ನೂ ಸೂಜಿ.

“ಏನಿಲ್ಲ ಅತ್ತಿಗೆ. ಕೊಡೆ.”

“ಮೋಡದ ಚೂರಿಲ್ಲ ಆಕಾಶದಲ್ಲಿ. ಕೊಡೆ ಯಾಕೆ?”

“ಬಿಸಿಲಿಗೇ.”

ಅತ್ತಿಗೆ ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಕೋಲೂರಿಕೊಂಡು ಒಳಗೆ ಹೋದರು. ಬೇರೆ ಯಾರ ಕಣ್ಣಿಗೆ ಮಣ್ಣೆರಚಿದರೂ ಈ ಅತ್ತಿಗೆಯ ಕಣ್ಣಿಗೆ ಎರಚುವುದು ಕಷ್ಟ.

ಕಾಜಾ ಅಕ್ಕನ ಹೆಸರು ಬೇರೆಯೇ ಇತ್ತು. ದೊಡ್ಡ ರಸ್ತೆಯ ಟೈಲರ್ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ಗುಂಡಿ ತೂರುವ ಆ ಪುಟ್ಟ ಕಿಂಡಿಯ ಸುತ್ತ ದಾರ ಬಿಗಿಯುವ ಕೆಲಸ. ಮೊದಲು ಅಂಗಡಿಯವರು, ಆಮೇಲೆ ಬೀದಿಯವರು, ಕೊನೆಗೆ ಸ್ವಂತ ಗಂಡನೂ ಕಾಜಾ ಅಂತಲೇ ಕರೆಯುವಂತಾಯಿತು. ಗಂಡನ ಕತೆಯೂ ಅಷ್ಟೆ. ಸ್ಟುಡಿಯೋ ಒಂದರಲ್ಲಿ ಮೂವತ್ತೆಂಟು ವರ್ಷ ಊರವರ ಮುಖದ ಮೊಡವೆ ಅಳಿಸಿ, ಮುಚ್ಚಿದ ಕಣ್ಣು ತೆರೆಸಿ, ಮದುವೆಗೆ ಬಾರದ ಚಿಕ್ಕಪ್ಪನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಕೊಟ್ಟವನು. ಫೋಟೊ ತಿದ್ದುವ ಆ ಟಚಪ್ ಕೆಲಸದಿಂದ ಎಲ್ಲರ ಬಾಯಲ್ಲಿ ಟಚಪ್ಪಣ್ಣ.

ಹಜಾರಕ್ಕೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಟಚಪ್ಪಣ್ಣನ ತಲೆಯ ಹತ್ತಿರ ಕುರ್ಚಿಯ ಮೇಲೊಂದು ಬಿಳಿ ರಟ್ಟಿನ ಬೋರ್ಡು ಒರಗಿತ್ತು. ನಡುವೆ ಅವನ ಭಾವಚಿತ್ರ. ಸುತ್ತ ಹನ್ನೊಂದು ಸಣ್ಣ ಫೋಟೊಗಳು. ಲೆಟರ್ ಬಾಕ್ಸು, ಬಿರುಕು ಬಿಟ್ಟ ಕಲ್ಲುಬೆಂಚು, ನೆಲದ ಮೇಲೆ ಬೇರೆತ್ತಿದ ಮರ, ಬೀದಿ ನಲ್ಲಿ, ಕಬ್ಬಿಣದ ಮೆಟ್ಟಿಲು, ನೀಲಿ ಕಿಟಕಿ...

“ಚೆನ್ನಾಗಿದೆ ಅಲ್ವಾ ಅಮ್ಮ?” ಎಂದಳು ಮಗಳು. ಅತ್ತತ್ತು ಕಣ್ಣು ಕೆಂಪಾಗಿತ್ತು. “ಅಪ್ಪ ಇದನ್ನ ಬಾಗಿಲ ಹತ್ರವೇ ನೇತುಹಾಕಿದ್ರು. ಬಹಳ ಇಷ್ಟದ್ದಿರಬೇಕು. ನೀನು ಸ್ನಾನಕ್ಕೆ ಹೋದಾಗ ಕೂತು ಅಂಟಿಸ್ದೆ. ಹಸಿರೆಲ್ಲ ಒಂದು ಕಡೆ, ಕಂದೆಲ್ಲ ಒಂದು ಕಡೆ.”

ಮಗಳು ಶಾಲೆಯಲ್ಲಿ ಟೀಚರು. ಚಾರ್ಟು ಮಾಡಿ ಪಳಗಿದ ಕೈ. ನಾಲ್ಕು ಮೂಲೆಗೂ ಗಟ್ಟಿ ಅಂಟು ಬಳಿದು, ಅಳತೆಪಟ್ಟಿ ಇಟ್ಟು ಅಂಟಿಸಿದ್ದಳು. ಫೋಟೊಗಳನ್ನು ಕೋದಿದ್ದ ಕಬ್ಬಿಣದ ಉಂಗುರ ಬೋರ್ಡಿನ ಕೆಳಗೆ ಖಾಲಿ ಬಿದ್ದಿತ್ತು.

“ಚೆನ್ನಾಗಿದೆ” ಎಂದಳು ಕಾಜಾ ಅಕ್ಕ. ಬೋರ್ಡಿನ ಮೇಲೆ ಇದ್ದದ್ದು ಅವಳು ಮನೆಗೆ ಬರುವ ದಾರಿ. ಅದನ್ನು ಮಗಳು ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದಳು.

* * *

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಹಲ್ಲುಜ್ಜುತ್ತಿದ್ದವಳು ಬಚ್ಚಲ ಗೋಡೆ ಹಿಡಿದು ಕುಸಿದಿದ್ದಳು. ಆಸ್ಪತ್ರೆಯಲ್ಲಿ ನಾಲ್ಕು ದಿನ. ಮಾತು ಸರಿಯಿತ್ತು, ಕೈ ಸರಿಯಿತ್ತು, ಎಣಿಕೆ ಸರಿಯಿತ್ತು. ಎಲ್ಲರ ಮುಖವೂ ಗೊತ್ತಾಗುತ್ತಿತ್ತು, ಇಷ್ಟವಿಲ್ಲದವರದೂ. ಮಗಳಿಗೆ ತಲೆಸುತ್ತು ಎಂದು ಹೇಳಿದರು. ಮನೆಗೆ ಬಂದ ಮೂರನೆಯ ದಿನ ಕಾಜಾ ಅಕ್ಕ ಉಪ್ಪು ತರಲು ಬೀದಿ ಕೊನೆಯ ಅಂಗಡಿಗೆ ಹೋದಳು. ಉಪ್ಪು ಕೊಂಡು ತಿರುಗಿದಾಗ ಬೀದಿ ಇರಲಿಲ್ಲ. ಬೀದಿಯೇನೋ ಇತ್ತು, ಮನೆಗಳೂ ಇದ್ದವು, ಆದರೆ ಯಾವುದರ ಪಕ್ಕ ಯಾವುದು ಎನ್ನುವುದು ತಲೆಯಿಂದ ಉದುರಿಹೋಗಿತ್ತು. ಉಪ್ಪಿನ ಪೊಟ್ಟಣ ಹಿಡಿದು ಮಧ್ಯಾಹ್ನದವರೆಗೆ ನಡೆದಳು. ಟಚಪ್ಪಣ್ಣ ಹುಡುಕಿಕೊಂಡು ಬಂದಾಗ ಸ್ವಂತ ಮನೆಯಿಂದ ನಲವತ್ತು ಹೆಜ್ಜೆಯಾಚೆ ನಿಂತು ಗಡಗಡ ನಡುಗುತ್ತಿದ್ದಳು.

ಡಾಕ್ಟರು ಒಂದು ಚಿತ್ರ ತೋರಿಸಿ, ತಲೆಯೊಳಗಿನ ಒಂದು ಬೆರಳಗಲದ ಜಾಗಕ್ಕೆ ರಕ್ತ ಹೋಗಿಲ್ಲ ಎಂದರು. ದಾರಿ ಹಿಡಿಯುವ ಜಾಗವಂತೆ ಅದು. ಬುದ್ಧಿಗೆ ಏನೂ ಆಗಿಲ್ಲ, ಆದರೆ ಇದು ಸರಿಹೋಗುತ್ತದೆಂದು ಹೇಳುವುದಕ್ಕಾಗುವುದಿಲ್ಲ ಎಂದರು.

“ಮಗಳಿಗೆ ಹೇಳೋಣ” ಎಂದಿದ್ದ ಟಚಪ್ಪಣ್ಣ.

“ಹೇಳಿದ್ರೆ ನಾನು ಸತ್ತ ಹಾಗೇ” ಎಂದಿದ್ದಳು ಅವಳು.

ಅವಳ ಹುಟ್ಟಿದ ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಳು. ಹೀಗೇ ಹೊರಗೆ ಹೋದವಳು ತಿರುಗಿ ಬರುತ್ತಿರಲಿಲ್ಲ. ಮೂರು ಸಲ ಹುಡುಕಿ ತಂದ ಮೇಲೆ ಮನೆಯವರು ಹಿಂದಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದರು. ಯಾರೂ ಕೆಟ್ಟವರಲ್ಲ. ಹೊತ್ತುಹೊತ್ತಿಗೆ ಊಟ, ಶುಭ್ರ ಬಟ್ಟೆ, ಕಿಟಕಿಯಲ್ಲಿ ಗಾಳಿ. ಊಟದ ತಟ್ಟೆ ಕೊಟ್ಟು ಚಿಲಕ ಹಾಕಿ ಬರುವ ಕೆಲಸ ಒಂಬತ್ತು ವರ್ಷದ ಇವಳದು. ಚಿಲಕ ಸ್ವಲ್ಪ ಬಿಗಿಯಿತ್ತು, ಎರಡು ಕೈಯಲ್ಲೂ ಒತ್ತಬೇಕಿತ್ತು. ಟಕ್ ಎಂದ ಮೇಲೆ ಒಳಗಿನಿಂದ ದೊಡ್ಡಮ್ಮ ಪ್ರತಿದಿನ ಒಂದೇ ಮಾತು ಕೇಳುತ್ತಿದ್ದಳು, “ನೀನೇನಾ ಮಗು?” ಅಂತ. ಐವತ್ತು ವರ್ಷವಾದರೂ ಆ ಟಕ್ ಅವಳ ಕಿವಿಯಿಂದ ಹೋಗಿರಲಿಲ್ಲ.

ಇದನ್ನು ಕೇಳಿದ ಮೇಲೆ ಟಚಪ್ಪಣ್ಣ ಮಗಳಿಗೆ ಹೇಳುವ ಮಾತೆತ್ತಲಿಲ್ಲ. ಆಮೇಲೊಂದು ದಿನ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಹೊರಟ. ಜನರ ಮುಖ ಬಿಟ್ಟು ಇನ್ನೇನನ್ನೂ ಫೋಟೊ ತೆಗೆಯದ ಮನುಷ್ಯ ಅಂದು ಲೆಟರ್ ಬಾಕ್ಸಿನ ಮುಂದೆ ಮುಕ್ಕಾಲು ಗಂಟೆ ನಿಂತಿದ್ದನಂತೆ.

ಅವನ ಲೆಕ್ಕಾಚಾರ ಸರಳವಾಗಿತ್ತು. ಅಂಗಡಿಯಿಂದ ಮನೆಗೆ ಹನ್ನೊಂದು ಕಡೆ ದಾರಿ ಗೊಂದಲ ಮಾಡುತ್ತದೆ. ಪ್ರತಿಯೊಂದು ಕಡೆಗೂ ಒಂದು ಫೋಟೊ. ವಸ್ತು ಫೋಟೊದ ಎಡಕ್ಕಿದ್ದರೆ ಎಡಕ್ಕೆ ತಿರುಗು. ಬಲಕ್ಕಿದ್ದರೆ ಬಲಕ್ಕೆ. ನಡುವೆ ಇದ್ದರೆ ನೇರ. ಅವಳಿಗೆ ವಸ್ತುಗಳು ನೆನಪಿರುತ್ತಿದ್ದವು. ಅವು ಯಾವ ಕಡೆ ಇದ್ದವು ಅನ್ನುವುದೇ ಕೈಗೆ ಸಿಕ್ಕ ಮೀನಿನ ಹಾಗೆ ಜಾರಿಹೋಗುತ್ತಿತ್ತು. ಆ ಕೆಲಸವನ್ನು ಫೋಟೊ ಮಾಡುತ್ತಿತ್ತು. ಮಧ್ಯಾಹ್ನ ಅವನು ಕಂಪ್ಯೂಟರಿನ ಮುಂದೆ ಕೂತು ಉಳಿದದ್ದನ್ನು ಅಳಿಸುತ್ತಿದ್ದ. ನಿಲ್ಲಿಸಿದ ಸೈಕಲ್ಲು, ಗೋಡೆಯ ಪೋಸ್ಟರು, ಮಲಗಿದ ನಾಯಿ, ಹಾದುಹೋದವರು, ನೆರಳುಗಳು.

“ನಾಯಿ ಇರ್ಲಿ ಬಿಡ್ರೀ, ಪಾಪ” ಎಂದಿದ್ದಳು ಒಮ್ಮೆ.

“ನಾಳೆ ಅದು ಎದ್ದು ಹೋದ್ರೆ ನೀನೂ ಅದರ ಹಿಂದೆ ಹೋಗ್ತೀಯ. ಹೋಗೋದನ್ನೆಲ್ಲ ಅಳಿಸ್ಬೇಕು ಕಾಜಾ. ಇರೋದು ಮಾತ್ರ ಇರ್ಬೇಕು.”

ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಅವನೇ ಅಂಗಡಿಯವರೆಗೆ ಬಿಟ್ಟುಬರುತ್ತಿದ್ದ. ಬರುವುದು ಮಾತ್ರ ಅವಳೊಬ್ಬಳೇ. ಅದು ಅವಳದೇ ಹಟ. ಊರು ಬದಲಾಗುತ್ತಲೇ ಇತ್ತು. ಗೋಡೆಗೆ ಬಣ್ಣ ಬಳಿದರೆ, ಬೆಂಚು ಸರಿಸಿದರೆ, ಅವನು ಮಾರನೆಯ ದಿನವೇ ಹೋಗಿ ಹೊಸ ಫೋಟೊ ತೆಗೆದು ಉಂಗುರಕ್ಕೆ ಪೋಣಿಸುತ್ತಿದ್ದ. “ದಾರಿಗೆ ಸ್ವಲ್ಪ ಟಚಪ್ ಇತ್ತು” ಎನ್ನುತ್ತಿದ್ದ.

* * *

“ನಲ್ಲಿ ಫೋಟೊ ಯಾರಾದ್ರೂ ತೆಗೀತಾರಾ?” ಎಂದು ಹಜಾರದಲ್ಲಿ ಯಾರೋ ಪಿಸುಗುಟ್ಟಿದರು.

“ಅದೇ ಕಲೆ ಕಣ್ರೀ. ನಮಗೆ ನಿಮಗೆ ತಿಳಿಯಲ್ಲ.”

“ಜನರ ಮುಖ ನೋಡಿ ನೋಡಿ ಸಾಕಾಗಿತ್ತೇನೋ ಪಾಪ.”

ಸ್ಟುಡಿಯೋ ಯಜಮಾನ ಮಾತ್ರ ಬೋರ್ಡಿನ ಮುಂದೆ ಕೈಕಟ್ಟಿ ನಿಂತಿದ್ದ. ದಪ್ಪ ಕನ್ನಡಕದ ಮುದುಕ. ಸತ್ತವನಿಗೆ ಮೂವತ್ತೆಂಟು ವರ್ಷ ಸಂಬಳವನ್ನೂ ಬೈಗುಳವನ್ನೂ ಕೊಟ್ಟವನು.

“ಒಂದು ವಿಷಯ ನಂಗೆ ಅರ್ಥ ಆಗ್ತಿಲ್ಲ” ಎಂದ. “ಇವನು ಆರಡಿ ಆಳು. ನಮ್ಮ ಸ್ಟುಡಿಯೋ ಬಾಗಿಲಿಗೆ ದಿನಾ ತಲೆ ಹೊಡ್ಕೋತಿದ್ದ. ಈ ಫೋಟೊ ಎಲ್ಲ ಇಷ್ಟು ಕೆಳಗಿಂದ ಯಾಕೆ ತೆಗೆದಿದ್ದಾನೆ? ಯಾರೋ ಕುಳ್ಳರು ತೆಗೆದ ಹಾಗಿದೆ.”

“ಅಪ್ಪನಿಗೆ ಮಂಡಿ ಬೇರೆ ನೋಯ್ತಿತ್ತು” ಎಂದಳು ಮಗಳು.

“ಅದೇ ಮತ್ತೆ! ಬಗ್ಗಿ ಬಗ್ಗಿ ತೆಗೆದಿದ್ದಾನೆ.”

ಕಾಜಾ ಅಕ್ಕ ನೆಲ ನೋಡಿದಳು. ಎದ್ದು ನಿಂತರೆ ಅವಳು ಗಂಡನ ಎದೆಯ ಗುಂಡಿಗೆ ಬರುತ್ತಿದ್ದಳು. ಅವಳ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಇರಬೇಕೆಂದು ಅವನು ಪ್ರತಿ ಫೋಟೊಗೂ ಮಂಡಿ ಬಗ್ಗಿಸಿ, ಹಲ್ಲು ಕಚ್ಚಿ ನಿಲ್ಲುತ್ತಿದ್ದ. ಕುತ್ತಿಗೆಯ ಮೇಲೆ ಅತ್ತಿಗೆಯ ನೋಟ ಬಿದ್ದದ್ದು ಅವಳಿಗೆ ತಿಳಿಯಿತು. ತಲೆಯೆತ್ತಲಿಲ್ಲ.

“ಅತ್ತೆ, ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ” ಎಂದು ಮಗಳು ಮೆಲ್ಲಗೆ ಹೇಳುತ್ತಿದ್ದಳು. “ಒಬ್ಬಳೇ ಹೇಗಿರ್ತಾಳೆ? ನಮ್ಮದು ಹದಿನಾಲ್ಕನೇ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ.”

“ಅವಳೇನಂತಾಳೆ?”

“ಅಂಗಡಿ ಬಿಡಲ್ಲ ಅಂತಾಳೆ. ಹುಷಾರಾಗಿದ್ದಾಳೆ ಅನ್ನೋದಾದ್ರೆ ಸರಿ, ಇರ್ಲಿ. ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಇದ್ರೆ ನಾನು ಬಿಟ್ಟು ಹೋಗಲ್ಲ.”

“ಹೋದ ಸಲ ಬಂದಾಗ ನೋಡ್ದೆ” ಎಂದರು ಅತ್ತಿಗೆ. “ಕೆಳಗಿನ ಮನೆ ಬಾಗಿಲಿಗೆ ಬೀಗದ ಕೈ ಹಾಕ್ತಿದ್ದಳು.”

“ಹೌದಾ?”

“ಹೂಂ. ಕೇಳಿದ್ರೆ, ಏನೋ ಯೋಚನೇಲಿದ್ದೆ ಅಂದ್ಲು.”

ಮಗಳ ಮನೆ ಇರುವ ಕಟ್ಟಡವನ್ನು ಕಾಜಾ ಅಕ್ಕ ನೋಡಿದ್ದಳು. ಉದ್ದನೆಯ ಓಣಿ, ಎರಡು ಕಡೆಯೂ ಒಂದೇ ಬಣ್ಣದ ಬಾಗಿಲುಗಳು, ಪ್ರತಿ ಮಹಡಿಯೂ ಅದೇ. ಅಲ್ಲಿ ಅವಳು ಕಸ ಹಾಕಲು ಹೋದರೂ ಮುಗಿಯಿತು. ಒಂದು ಸಲ ದಾರಿ ತಪ್ಪಿಸಿಕೊಂಡಾಳು, ಎರಡು ಸಲ ತಪ್ಪಿಸಿಕೊಂಡಾಳು. ಮೂರನೆಯ ಸಲ ಮಗಳು ಅತ್ತುಕೊಂಡೇ, ಪ್ರೀತಿಯಿಂದಲೇ, ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾಳೆ.

ಜನ ಹೊರಗೆ ವ್ಯಾನು ಬಂತೇ ಎಂದು ನೋಡಲು ಎದ್ದುಹೋದಾಗ ಅವಳು ಬೋರ್ಡಿನ ಬಳಿ ಸರಿದು ಲೆಟರ್ ಬಾಕ್ಸಿನ ಮೂಲೆಗೆ ಉಗುರು ಹಾಕಿದಳು. ಅಂಟು ಬಿಡಲಿಲ್ಲ. ಇನ್ನಷ್ಟು ಎಳೆದಳು. ಪರ್ ಎಂದು ಮೂಲೆ ಕಿತ್ತುಬಂತು, ಫೋಟೊ ಅಲ್ಲೇ ಉಳಿಯಿತು. ಗಂಡ ಪಕ್ಕದಲ್ಲೇ ಮಲಗಿದ್ದ. ತಿರುಗಿ ನೋಡಲಿಲ್ಲ, ಏನು ಮಾಡಬೇಕೆಂದು ಹೇಳಲೂ ಇಲ್ಲ. ಅವಳಿಗೆ ಅವನ ಮೇಲೆ ಸಿಟ್ಟೇ ಬಂತು.

“ಅಮ್ಮಾ, ಇದನ್ನು ಕೊಡೋಣ ಅಂತ ತಂದೆ.”

ಹಿಂದೆ ಸ್ಟುಡಿಯೋ ಯಜಮಾನ ನಿಂತಿದ್ದ. ಕಿತ್ತ ಚೂರನ್ನು ಅವಳು ಅಂಗೈಯಲ್ಲಿ ಮುಚ್ಚಿಕೊಂಡಳು. ಯಜಮಾನ ಲಕೋಟೆಯಿಂದ ಒಂದು ಫೋಟೊ ತೆಗೆದ.

“ಅವನು ಬಿದ್ದಾಗ ಕೊರಳಲ್ಲಿ ಕ್ಯಾಮೆರಾ ಇತ್ತಲ್ಲ, ಅದರಲ್ಲಿ ಇದೊಂದೇ ಇತ್ತು. ಕೊನೇದು.”

ಕೆಳಗೆ ನಜ್ಜಿದ ಒಂದು ಬೂದು ಬಣ್ಣದ ಗೇಟು. ಫೋಟೊದ ಬಲಕ್ಕಿತ್ತು. ಮುಂದೆ ನೆಲದ ಮೇಲೆ, ಮಂಡಿ ಬಗ್ಗಿಸಿ ನಿಂತ ಉದ್ದ ಮನುಷ್ಯನ ನೆರಳು.

“ನೆರಳು ಹಾಗೇ ಉಳಿದುಬಿಟ್ಟಿದೆ” ಎಂದ ಯಜಮಾನ. “ನಮ್ಮ ಟಚಪ್ಪಣ್ಣ ಇಂಥದ್ದನ್ನ ಬಿಡೋನೇ ಅಲ್ಲ. ಹೇಳಿ, ಎರಡು ನಿಮಿಷದ ಕೆಲಸ, ಅಳಿಸಿ ತಂದುಕೊಡ್ತೀನಿ.”

“ಬೇಡ!”

ಎಷ್ಟು ಜೋರಾಗಿ ಕೂಗಿದ್ದಳೆಂದರೆ ಹೊರಗಿದ್ದವರೆಲ್ಲ ಒಳಗೆ ಇಣುಕಿದರು. ಅವಳು ಫೋಟೊವನ್ನು ಕಸಿದುಕೊಂಡು ಒಳಜೇಬಿಗೆ ತುರುಕಿದಳು. ಆಗ ಅಳು ಬಂತು. ಬೆಳಗಿನಿಂದ ಭಯದ ಹಿಂದೆ ಎಲ್ಲೋ ಸಿಕ್ಕಿಕೊಂಡಿದ್ದ ಅಳು ಬಿಕ್ಕಿಬಿಕ್ಕಿ ಬಂತು. ನೋಡಿದವರಿಗೆ ಸಮಾಧಾನವಾಯಿತು.

* * *

ಮೊನ್ನೆಯಷ್ಟೇ ನಡೆದದ್ದು. ನೀರಿನ ದೊಡ್ಡ ಪೈಪು ಹಾಕಲು ನಾಲ್ಕನೆಯ ಫೋಟೊದ ಜಾಗದಲ್ಲಿ ಬೀದಿ ಅಗೆದಿದ್ದರು. ಕಾಜಾ ಅಕ್ಕ ಫೋಟೊ ಹಿಡಿದು ನೋಡಿದರೆ ನಲ್ಲಿಯೇ ಇಲ್ಲ. ಮಣ್ಣಿನ ಗುಡ್ಡೆ, ಅಡ್ಡಕ್ಕೆ ಕಟ್ಟಿದ ಹಗ್ಗ. ಒಂದು ಗಂಟೆ ಅಲ್ಲೇ ನಿಂತಳು. ಕೊನೆಗೆ ಟಚಪ್ಪಣ್ಣನೇ ಬಂದು ಕರೆದುಕೊಂಡು ಹೋದ.

“ಇನ್ನೆಷ್ಟು ದಿನ ಹೀಗೆ?” ಎಂದಿದ್ದಳು ಅವಳು, ಊಟಕ್ಕೆ ಕೂತಾಗ. “ಒಂದಿನ ನೀವು ಬರ್ದೇ ಇದ್ರೆ?”

“ಬರ್ದೇ ಎಲ್ಲಿಗೆ ಹೋಗ್ತೀನಿ? ಬೆಳಿಗ್ಗೆ ಎದ್ದ ಕೂಡಲೇ ರಿಪೇರಿ ಮಾಡ್ತೀನಿ. ಆ ಗುಂಡಿ ಸುತ್ತಿಕೊಂಡು ಬರೋಕೆ ಮೂರು ಫೋಟೊ ಹೆಚ್ಚು ಬೇಕು, ಅಷ್ಟೇ.”

“ಎದೆ ಯಾಕೋ ಹಿಡ್ಕೊಂಡ ಹಾಗಿದೆ ಅಂತಿದ್ರಿ. ಫೋಟೊಗೆ ನಾಡಿದ್ದು ಹೋಗಿ.”

“ನಾಡಿದ್ದಿನವರೆಗೆ ನೀನು ಮನೇಲಿ ಕೂತಿರ್ತೀಯಾ?”

ಅವಳು ಇರುತ್ತೇನೆ ಎನ್ನಲಿಲ್ಲ. ಅದೊಂದು ಮಾತು ಹೇಳಿದ್ದರೆ ಅವನು ಹೋಗುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಹಾಲಿನವನು ನೋಡಿದಾಗ ಟಚಪ್ಪಣ್ಣ ಬೂದು ಗೇಟಿನ ಎದುರು, ಮಂಡಿ ಮಡಚಿ, ಗೋಡೆಗೆ ಒರಗಿ ಕೂತಿದ್ದನಂತೆ. ಫೋಟೊ ತೆಗೆಯುತ್ತಿದ್ದಾನೆಂದು ತಿಳಿದು ಹಾಲಿನವನು ಸದ್ದು ಮಾಡದೆ ಪಕ್ಕದಿಂದ ದಾಟಿಹೋದನಂತೆ. ಹಿಂತಿರುಗಿ ಬರುವಾಗಲೂ ಹಾಗೇ ಕೂತಿದ್ದನಂತೆ.

ಮೂರು ಫೋಟೊ ಬೇಕಿತ್ತು. ತೆಗೆದದ್ದು ಒಂದೇ.

* * *

ಸ್ಮಶಾನದಲ್ಲಿ ಎಲ್ಲ ಮುಗಿದಾಗ ಬಿಸಿಲು ಇಳಿಯತೊಡಗಿತ್ತು. ಬಂದವರು ಅಲ್ಲಿಂದಲೇ ತಂತಮ್ಮ ಮನೆಗಳಿಗೆ ಚದುರಿದರು. ಮಗಳು ಕಚೇರಿಯ ಕಾಗದಪತ್ರಕ್ಕೆ ಉಳಿದಳು. “ನೀನು ಅತ್ತೆ ಜೊತೆ ವ್ಯಾನಲ್ಲಿ ಹೋಗಿರಮ್ಮ. ನಾನು ಯಜಮಾನ್ರ ಕಾರಲ್ಲಿ ಹಿಂದೇನೇ ಬರ್ತೀನಿ” ಎಂದಳು. ಬೋರ್ಡು ಅವಳ ಕಂಕುಳಲ್ಲಿತ್ತು.

ವ್ಯಾನಿನವನು ಟೈಲರ್ ಅಂಗಡಿಯ ಮುಂದೆ ನಿಲ್ಲಿಸಿದ. “ಬೆಳಿಗ್ಗೆ ಬಂದಿದ್ದ ಆಚೆ ರಸ್ತೇನೂ ಈಗ ಅಗೆದುಬಿಟ್ಟಿದ್ದಾರೆ, ಗಾಡಿ ಹೋಗಲ್ಲಮ್ಮ. ನಡ್ಕೊಂಡು ಹೋಗಿಬಿಡಿ, ಹತ್ರಾನೇ ಅಲ್ವಾ.”

ಅಂಗಡಿಗೆ ಬಾಗಿಲು ಹಾಕಿತ್ತು, ಟಚಪ್ಪಣ್ಣನ ಗೌರವಕ್ಕೆ. ಅತ್ತಿಗೆ ಕೋಲೂರಿ ಇಳಿದರು. “ನಡಿ” ಎಂದರು. “ನಂಗೆ ದಾರಿ ಗೊತ್ತಿಲ್ಲ. ಯಾವಾಗ್ಲೂ ಬಾಗಿಲಿಗೇ ಗಾಡಿ ತಂದಿದ್ದೆ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ.”

ಕಾಜಾ ಅಕ್ಕ ನಡೆದಳು. ಇನ್ನೇನು ಮಾಡುವಂತಿತ್ತು? ಲೆಟರ್ ಬಾಕ್ಸು ಕಂಡಿತು. ಎಡಕ್ಕೋ ಬಲಕ್ಕೋ? ಬೆಳಗಿನಿಂದ ಬೋರ್ಡನ್ನು ಹತ್ತು ಸಲ ನೋಡಿದ್ದಳು, ಕಣ್ಣು ಮುಚ್ಚಿದರೆ ಕೆಂಪು ಬಣ್ಣ ಮಾತ್ರ ಕಾಣುತ್ತಿತ್ತು. ಎಡಕ್ಕೆ ತಿರುಗಿದಳು. ಕಲ್ಲುಬೆಂಚು ಸಿಕ್ಕಿತು. ಅಬ್ಬಾ ಎಂದುಕೊಂಡಳು. ಬೇರೆತ್ತಿದ ಮರವೂ ಸಿಕ್ಕಿತು.

“ಚಿಕ್ಕಂದಿನಲ್ಲಿ ಬಲು ಅಂಜುಬುರುಕ ಅವನು” ಎಂದು ಅತ್ತಿಗೆ ಹಿಂದಿನಿಂದ ಹೇಳುತ್ತಿದ್ದರು. “ಹಿತ್ತಲಿಗೆ ಹೋಗೋಕೂ ನಾನು ಜೊತೆ ಬೇಕಿತ್ತು. ಅಂಥವನು ಬೀದಿಬೀದಿ ಅಲೆದು ಫೋಟೊ ತೆಗೀತಿದ್ದ ಅಂದ್ರೆ ನಂಬೋಕೇ ಆಗಲ್ಲ ನೋಡು.”

“ಹೂಂ.”

“ಯಾಕೆ ತೆಗೀತಿದ್ದ ಅಂತೀಯ?”

“ಇಷ್ಟ ಇತ್ತು ಅತ್ತಿಗೆ.”

ಗುಂಡಿ ಬಂತು. ಹಗ್ಗ, ಮಣ್ಣಿನ ಗುಡ್ಡೆ, ತೋಡಿದ ನೆಲದ ಹಸಿ ವಾಸನೆ. ಕಾಜಾ ಅಕ್ಕ ಒಳಜೇಬಿನಿಂದ ಕೊನೆಯ ಫೋಟೊ ತೆಗೆದು, ಮೈಯ ಮರೆಯಲ್ಲಿ ಹಿಡಿದು ನೋಡಿದಳು. ಗುಂಡಿಯ ಪಕ್ಕದ ಸಂದಿಯಲ್ಲಿ ಬೂದು ಗೇಟು ಕಂಡಿತು. ನಜ್ಜಿದ ಜಾಗವೂ ಅದೇ. ಇಲ್ಲೇ ಕೂತಿದ್ದ. ಗೋಡೆಯ ಬುಡವನ್ನು ನೋಡದೆ ದಾಟಬೇಕೆಂದುಕೊಂಡಳು, ಆಗಲಿಲ್ಲ, ನೋಡಿದಳು. ಬರಿಯ ಗೋಡೆ. ಬಲಕ್ಕೆ ತಿರುಗಿದಳು.

ಅಲ್ಲಿಂದ ಮುಂದೆ ಫೋಟೊ ಇರಲಿಲ್ಲ.

ಒಂದು ಓಣಿ ಹಿಡಿದಳು. ಒಣಗಲು ಹಾಕಿದ ಬಟ್ಟೆಗಳು, ಒಂದು ಕ್ಷೌರದಂಗಡಿ, ಮುರಿದ ಮೆಟ್ಟಿಲಿನ ಮನೆ. ಇನ್ನೊಂದು ಓಣಿ. ಎಲ್ಲ ಗೋಡೆಗಳೂ ಒಂದಕ್ಕೊಂದು ಮುಖ ತಿರುಗಿಸಿ ನಿಂತಂತಿದ್ದವು. ಕ್ಷೌರದಂಗಡಿ ಮತ್ತೆ ಬಂತು. ಅದೇನಾ, ಬೇರೆಯಾ? ಹೆಜ್ಜೆ ಜೋರು ಮಾಡಿದಳು. ನಿಧಾನ ಮಾಡಿದರೆ ಗೊತ್ತಾಗುತ್ತದೆ, ನಿಂತರಂತೂ ಮುಗಿಯಿತು.

“ನಿಧಾನ ಕಣೇ, ನನ್ನ ಮಂಡಿ” ಎಂದರು ಅತ್ತಿಗೆ.

“ಇನ್ನೇನು ಬಂತು.”

ಬಂದದ್ದು ಬೂದು ಗೇಟು.

ಕೋಲಿನ ಸದ್ದು ನಿಂತಿತು. ಕಾಜಾ ಅಕ್ಕ ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಬೀಗದ ಕೈ ಅಂಗೈಗೆ ಒತ್ತಿ ನೋಯುತ್ತಿತ್ತು.

“ಇದನ್ನ ಆಗ್ಲೇ ನೋಡಿದ್ವಲ್ಲೇ” ಎಂದರು ಅತ್ತಿಗೆ, ಬಹಳ ಮೆಲ್ಲಗೆ.

“ಅತ್ತೇ! ಅಮ್ಮಾ!”

ಮಗಳು ಗುಂಡಿಯ ಕಡೆಯಿಂದ ಬರುತ್ತಿದ್ದಳು, ಬೋರ್ಡನ್ನು ಎರಡು ಕೈಯಲ್ಲೂ ತಬ್ಬಿಕೊಂಡು. “ಇನ್ನೂ ಇಲ್ಲೇ ಇದ್ದೀರಾ? ನೀವು ಹೊರಟು ಮುಕ್ಕಾಲು ಗಂಟೆ ಆಯ್ತಲ್ಲ?”

ಅತ್ತಿಗೆ ಕೋಲನ್ನು ನೆಲಕ್ಕೆ ಕುಟ್ಟಿದರು.

“ನಾನೇ ನಿಲ್ಲಿಸ್ದೆ” ಎಂದರು. “ನನ್ನ ತಮ್ಮ ಬಿದ್ದ ಜಾಗ ತೋರಿಸು ಅಂದೆ. ಅದಕ್ಕೇ ಕರ್ಕೊಂಡು ಬಂದಳು. ಸ್ವಲ್ಪ ಹೊತ್ತು ಕೂತಿದ್ವಿ. ತಪ್ಪಾ?”

ಕಾಜಾ ಅಕ್ಕ ಬೆರಗಾಗಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ನೋಡುತ್ತಿದ್ದದ್ದು ಗೇಟನ್ನು.

“ತಪ್ಪಲ್ಲ ಅತ್ತೆ, ಗಾಬರಿ ಆಯ್ತು ಅಷ್ಟೇ.” ಮಗಳು ಮೂಗು ಒರೆಸಿಕೊಂಡಳು. “ಸರಿ, ಅಮ್ಮ, ನೀನು ಮುಂದೆ ಹೋಗಿ ಬಾಗಿಲು ತೆಗಿ. ಸ್ವಲ್ಪ ಒರಗು. ಅತ್ತೆನ ನಾನು ನಿಧಾನಕ್ಕೆ ಕರ್ಕೊಂಡು ಬರ್ತೀನಿ.”

ಹೂಂ ಎಂದರೆ ಸಾಕಿತ್ತು. ಒಂದು ಓಣಿಯೊಳಗೆ ನುಗ್ಗಿ, ಇವರು ದಾಟಿದ ಮೇಲೆ ಹಿಂದೆ ಹಿಂದೆ ಹೋದರೆ ಇವತ್ತಿನ ಮಟ್ಟಿಗೆ ಬಚಾವು. ನಾಳೆ? ನಾಳೆ ಲೆಟರ್ ಬಾಕ್ಸಿಗೆ ಬಣ್ಣ ಬಳಿಯುತ್ತಾರೆ, ನಾಡಿದ್ದು ಮರ ಕಡಿಯುತ್ತಾರೆ. ಮಂಡಿ ಬಗ್ಗಿಸುವವನು ಹೋದ. ಅವಳು ಕಾಲೆತ್ತಿದಳು. ಎತ್ತಿದ ಕಾಲು ಯಾವ ಕಡೆ ಇಡಬೇಕೆಂದು ತಿಳಿಯದೆ ಇದ್ದಲ್ಲೇ ಇಟ್ಟಳು.

“ನಂಗೆ ದಾರಿ ಗೊತ್ತಿಲ್ಲ” ಎಂದಳು.

“ಈ ಗುಂಡಿ ದೆಸೆಯಿಂದ ಎಲ್ರಿಗೂ ಗೊಂದಲಾನೇ ಅಮ್ಮ. ಇಲ್ಲಿಂದ...”

“ಗುಂಡಿಯಿಂದಲ್ಲ. ಮೂರು ವರ್ಷದಿಂದ ಗೊತ್ತಿಲ್ಲ. ತಲೆಸುತ್ತು ಅಂದಿದ್ವಲ್ಲ, ಆವತ್ತಿಂದ. ಬೇರೆ ಎಲ್ಲ ನೆಟ್ಟಗಿದೆ, ನೀನು ಏನು ಬೇಕಾದ್ರೂ ಕೇಳು, ಹೇಳ್ತೀನಿ. ದಾರಿ ಒಂದು ನಿಲ್ಲಲ್ಲ ತಲೇಲಿ. ಅದೇ ನಾನು ಮನೆಗೆ ಬರೋ ದಾರಿ, ನೀನು ಹಿಡ್ಕೊಂಡಿರೋದು. ನಿಮ್ಮಪ್ಪ ಮಾಡಿಕೊಟ್ಟಿದ್ದು. ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ಹೊರಗಿಂದ ಮಾತ್ರ ಚಿಲಕ ಹಾಕ್ಬೇಡ. ಕೇಳಿಸ್ತಾ? ಹೊರಗಿಂದ ಹಾಕ್ಬೇಡ.”

ಮಗಳು ಹಾಕುವುದಿಲ್ಲ ಎನ್ನಲಿಲ್ಲ. ಬೋರ್ಡನ್ನು ತಿರುಗಿಸಿ, ಬಿಸಿಲಿಗೆ ಹಿಡಿದು, ಫೋಟೊಗಳನ್ನು ಒಂದೊಂದಾಗಿ ನೋಡಿದಳು. ಹರಿದ ಮೂಲೆಯನ್ನು ನೋಡಿದಳು. ಆಮೇಲೆ ತಾಯಿಯ ತಲೆಯನ್ನು, ಅದು ತನ್ನ ಭುಜಕ್ಕಿಂತ ಎಷ್ಟು ಕೆಳಗಿದೆ ಎನ್ನುವುದನ್ನು, ಮೊದಲ ಸಲ ನೋಡುವವಳಂತೆ ನೋಡಿದಳು. ಅಪ್ಪನ ಎತ್ತರ ಬಂದಿತ್ತು ಅವಳಿಗೆ. ಲೆಟರ್ ಬಾಕ್ಸಿನ ಫೋಟೊಗೆ ಉಗುರು ಹಾಕಿ ಎಳೆದಳು. ಬರಲಿಲ್ಲ.

“ನಾನೇ ಅಂಟಿಸಿಬಿಟ್ಟೆ” ಎಂದು ಬಿಕ್ಕಿದಳು.

ಅತ್ತಿಗೆ ಬೋ‌ರ್ಡನ್ನು ತೆಗೆದುಕೊಂಡು ಗೇಟಿಗೆ ಒರಗಿಸಿದರು. ಮೂವರೂ ಓಣಿಯೊಳಗೆ ನಡೆದರು. ಎರಡು ದಾರಿ ಒಡೆಯುವ ಕಡೆ, ಮುರಿದ ಮೆಟ್ಟಿಲಿನ ಮನೆಯ ಮುಂದೆ ಮಗಳು ನಿಂತು, ಕೈಚೀಲದಿಂದ ಫೋನು ತೆಗೆದಳು.

“ಇಲ್ಲಿ ಎಡಕ್ಕೆ ತಿರುಗ್ಬೇಕಮ್ಮ. ಅಪ್ಪ ಹೇಗೆ ತೆಗೀತಿದ್ರು?”

“ಎಡಕ್ಕೆ ಅಂದ್ರೆ ಮೆಟ್ಟಿಲು ಫೋಟೊದ ಎಡಕ್ಕೆ ಬರ್ಬೇಕು. ನನ್ನ ಎತ್ತರಕ್ಕೆ ಬಗ್ಗಿ ತೆಗೀತಿದ್ರು.”

ಮಗಳು ಅವಳ ಪಕ್ಕ ಬಂದು ನಿಂತು ಮಂಡಿ ಬಗ್ಗಿಸಿದಳು.

“ಆ ಸ್ಕೂಟರು ಬೇಡ” ಎಂದಳು ಕಾಜಾ ಅಕ್ಕ. “ಅದು ಹೋಗುತ್ತೆ.”

ಮಗಳು ಬಗ್ಗಿದಂತೆಯೇ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಳು. ಫೋನು ಟಕ್ ಎಂದಿತು. ಕಾಜಾ ಅಕ್ಕ ಬೆಚ್ಚಿ ಅವಳ ತೋಳು ಹಿಡಿದುಕೊಂಡಳು.

ತಲೆಗೆ ತಲೆ ತಾಗಿಸಿ ಇಬ್ಬರೂ ಪರದೆ ನೋಡಿದರು.

“ನೆರಳು ಬಂದುಬಿಟ್ಟಿದೆ” ಎಂದಳು ಮಗಳು. “ಅಳಿಸ್ಬೇಕಾ?”

ಬಿಸಿಲು ಅವರ ಬೆನ್ನಿಗಿತ್ತು. ಫೋಟೊದಲ್ಲಿ ಮೆಟ್ಟಿಲು ಎಡಕ್ಕಿತ್ತು. ಮುಂದಿನ ನೆಲದ ಮೇಲೆ ಎರಡು ನೆರಳು ಅಕ್ಕಪಕ್ಕ ಬಿದ್ದಿದ್ದವು. ಒಂದು ನೆಟ್ಟಗೆ ನಿಂತಿತ್ತು, ಒಂದು ಮಂಡಿ ಬಗ್ಗಿಸಿತ್ತು. ಎರಡೂ ಒಂದೇ ಎತ್ತರಕ್ಕಿದ್ದವು.